ಹೊಗೆ ಅಲಾರಂ: ಮೂಗು ಚುರುಕು, ಗಂಟಲು ಸಾಲದು

ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳಲ್ಲಿ ಎಲ್ಲ ಹೊಗೆ ಅಲಾರಂಗಳಿಗೂ ಐದು ಸ್ಟಾರ್ ಬಿದ್ದಿರುತ್ತದೆ. ನನ್ನದು ಫೋಟೊಎಲೆಕ್ಟ್ರಿಕ್ ನಮೂನೆ, 10 ವರ್ಷದ ಸೀಲ್ ಬ್ಯಾಟರಿಯದು. ಮಲಗುವ ಕೋಣೆಗಳ ಎದುರಿನ ಸೀಲಿಂಗ್‌ಗೆ ಹಾಕಿಸಿದ್ದು ಈಗ ಆಯಸ್ಸು ಮುಗಿಯುತ್ತಾ ಬಂದಿದೆ. ಇಷ್ಟು ಬಳಸಿದ ಮೇಲಿನ ಮಾತು ಇದು.

ಹೊಗೆ ಹಿಡಿಯುವುದರಲ್ಲಿ ದೂರಿಲ್ಲ. ಒಳಗೊಂದು ಕತ್ತಲೆ ಗೂಡು, ಅದರಲ್ಲಿ ಎಲ್‌ಇಡಿ. ಬೆಳಕು ನೇರ ಸೆನ್ಸರ್ ಮೇಲೆ ಬೀಳದ ಹಾಗೆ ಓರೆಯಾಗಿ ಕೂರಿಸಿರುತ್ತಾರೆ. ಹೊಗೆಯ ಕಣ ಒಳಗೆ ಬಂತೋ, ಬೆಳಕು ಚದುರಿ ಸೆನ್ಸರಿಗೆ ತಾಗುತ್ತದೆ, ಅಲಾರಂ ಹೊಡೆದುಕೊಳ್ಳುತ್ತದೆ. ಹಾಸಿಗೆ, ಸೋಫಾ ಇವೆಲ್ಲ ಉರಿ ಏಳುವ ಮೊದಲು ಬಹಳ ಹೊತ್ತು ಹೊಗೆಯಾಡಬಹುದು. ಅಂಥದ್ದನ್ನು ಇದು ಬೇಗ ಪತ್ತೆ ಹಚ್ಚುತ್ತದೆ. ಅಮೆರಿಸಿಯಂ-241 ಎಂಬ ವಿಕಿರಣ ವಸ್ತು ಚೂರು ಇರುವ ಇನ್ನೊಂದು ಬಗೆ, ಅಯಾನೀಕರಣ ನಮೂನೆ, ಧಗ್ಗನೆ ಹೊತ್ತುವ ಬೆಂಕಿಗೆ ತುಸು ಚುರುಕು ನಿಜ, ಆದರೆ ಒಲೆಯ ಹೊಗೆಗೂ ಸುಮ್ಮಸುಮ್ಮನೆ ಕೂಗುವುದು ಹೆಚ್ಚು. ಪದೇ ಪದೇ ಕೂಗುವ ಅಲಾರಂನ ಬ್ಯಾಟರಿಯನ್ನು ಮನೆಯಲ್ಲಿ ಯಾರಾದರೊಬ್ಬರು ಕಿತ್ತಿಡುತ್ತಾರೆ. ಇದರಲ್ಲಿ ಬ್ಯಾಟರಿ ಕೀಳಲು ಬರುವುದೇ ಇಲ್ಲ, ನನ್ನ ಲೆಕ್ಕದಲ್ಲಿ ಅದೇ ದೊಡ್ಡ ಗುಣ.

ಸುಳ್ಳು ಕೂಗು ಇದಕ್ಕೂ ತಪ್ಪಿದ್ದಲ್ಲ: ಬಿಸಿನೀರಿನ ಹಬೆ, ಧೂಳು, ಸಣ್ಣ ಹುಳ. ಬಚ್ಚಲ ಬಾಗಿಲೆದುರು ಹಾಕಿಸಬೇಡಿ, ಒಲೆಯಿಂದ 3 ಮೀಟರಾದರೂ ದೂರವಿರಲಿ. ಆಗಾಗ ಮೆತ್ತನೆ ಬ್ರಷ್ಷಿನಿಂದ ಸೀಳುಗಳ ಧೂಳು ತೆಗೆದರೆ ಸಾಕು.

ನನ್ನ ತಕರಾರೆಲ್ಲ ದನಿಯದ್ದು. 3 ಮೀಟರ್ ದೂರದಲ್ಲಿ 85 ಡೆಸಿಬೆಲ್ ಎಂದು ಪೆಟ್ಟಿಗೆ ಮೇಲಿದೆ. ಕೆಳಗೆ ನಿಂತು ಟೆಸ್ಟ್ ಬಟನ್ ಒತ್ತಿದರೆ ಕಿವಿ ಮುಚ್ಚಿಕೊಳ್ಳಬೇಕು, ಸುಳ್ಳಲ್ಲ. ಒಮ್ಮೆ ಅಜ್ಜಿಯ ಕೋಣೆಯ ಬಾಗಿಲು ಹಾಕಿ, ಅವರ ಮಂಚದ ಮೇಲೆ ಕೂತು, ಹೊರಗಿನಿಂದ ತಮ್ಮನ ಕೈಲಿ ಒತ್ತಿಸಿದೆ. ನನಗೆ ಕೀಂ ಕೀಂ ಎಂದು ಸ್ಪಷ್ಟವಾಗಿ ಕೇಳುತ್ತಿತ್ತು. ಅಜ್ಜಿ ಎಚ್ಚರವಾಗಿಯೇ ಇದ್ದರು. “ಇನ್ನೂ ಒತ್ತಿಲ್ವಾ ಅವನು?” ಅಂದರು.

ಇಂಥ ಅಲಾರಂಗಳ ಕೀರಲು ದನಿ ಸಾಮಾನ್ಯವಾಗಿ 3,000 ಹರ್ಟ್ಸ್ ಆಸುಪಾಸಿನದು. ವಯಸ್ಸಾದವರಿಗೆ ಮೊದಲು ಕೇಳದಾಗುವುದು ಎತ್ತರದ ಸ್ವರಗಳೇ. ಗಾಢ ನಿದ್ದೆಯ ಮಕ್ಕಳೂ ಇದಕ್ಕೆ ಏಳದಿರುವುದುಂಟು. 520 ಹರ್ಟ್ಸ್‌ನ ತಗ್ಗು ದನಿ ಇವರಿಬ್ಬರನ್ನೂ ಎಬ್ಬಿಸುವುದರಲ್ಲಿ ಮೇಲು. ಕಿವಿ ತೀರಾ ಮಂದವಾದವರಿಗೆ ದಿಂಬಿನಡಿ ಅದುರುವ ಸಾಧನವೂ ಸಿಗುತ್ತದೆ. ಪೆಟ್ಟಿಗೆಯ ಮೇಲೆ ಈ ಬಗ್ಗೆ ಒಂದಕ್ಷರವಿಲ್ಲ. ಬಣ್ಣ ಮಾಸುವುದಿಲ್ಲ ಎಂದು ಮಾತ್ರ ದೊಡ್ಡದಾಗಿ ಬರೆದಿದ್ದಾರೆ.

ಇನ್ನೊಂದು ಕಿರಿಕಿರಿ: ತಯಾರಾದ ದಿನಾಂಕ ಅಲಾರಂನ ಬೆನ್ನಿಗಿದೆ. ಬದಲಿಸುವ 10 ವರ್ಷ ಎಣಿಸುವುದು ಅಲ್ಲಿಂದ, ಹಾಕಿಸಿದ ದಿನದಿಂದಲ್ಲ. ನನಗೆ ಬಂದದ್ದು ಗೋದಾಮಿನಲ್ಲೇ ಒಂದಷ್ಟು ಕಾಲ ಕಳೆದ ಮಾಲು. ಸೀಲಿಂಗ್‌ಗೆ ಕೂರಿಸಿದ ಮೇಲೆ ಬೆನ್ನು ನೋಡುವವರಾರು? ಕೊಳ್ಳುವಾಗಲೇ ತಿರುಗಿಸಿ ನೋಡಿ.

ಐದರಲ್ಲಿ ಹೊಗೆ ಹಿಡಿಯುವುದಕ್ಕೆ ಐದು, ಎಬ್ಬಿಸುವುದಕ್ಕೆ ಎರಡು. ಮುಂದಿನ ಸಲವೂ ಫೋಟೊಎಲೆಕ್ಟ್ರಿಕ್ಕೇ ತರುತ್ತೇನೆ, ಆದರೆ ಒಂಟಿ ಅಲ್ಲ. ಒಂದಕ್ಕೊಂದು ವೈರ್‌ಲೆಸ್ ಜೋಡಣೆ ಇದ್ದು, ಎಲ್ಲೋ ಒಂದು ಕೂಗಿದರೆ ಎಲ್ಲವೂ ಕೂಗುವಂಥದ್ದು. ಕೋಣೆಗೊಂದು, ಅಜ್ಜಿಯ ಕೋಣೆಗೆ ತಗ್ಗು ದನಿಯದು.