ಸ್ಕಾಲರ್‌ಶಿಪ್ ಬಂತು, ನಮ್ಮ ಖಾತೆಗಲ್ಲ

ನಮ್ಮದು ಸೋಮವಾರಪೇಟೆ ತಾಲ್ಲೂಕು, ಶನಿವಾರಸಂತೆ ಕಡೆ. ಎರಡೂವರೆ ಎಕರೆ ಅರೇಬಿಕಾ ಕಾಫಿ ತೋಟ, ಮರಕ್ಕೆ ಹಬ್ಬಿಸಿದ ಮೆಣಸು, ಒಂದು ಚೂರು ಗದ್ದೆ. ಮಗಳು ಆಗ ಹಾಸ್ಟೆಲ್‌ನಲ್ಲಿದ್ದು ಬಿ.ಎಸ್ಸಿ. ಓದುತ್ತಿದ್ದಳು. 2022ರ ನವೆಂಬರ್‌ನಲ್ಲಿ ನಡೆದ ವಿಷಯ ಇದು. ನಾಚಿಕೆಗೆ ಇಷ್ಟು ದಿನ ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಮೊನ್ನೆ ಪಕ್ಕದ ಮನೆಯವರು ಮಗನ ಸ್ಕಾಲರ್‌ಶಿಪ್ ಅರ್ಜಿ ಹಾಕಿಸಲು ಯಾರೋ ಹುಡುಗನ ನಂಬರ್ ಸಿಕ್ಕಿದೆ ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ರೈತರ ಮಕ್ಕಳಿಗೆ ಅಂತ 2021ರಲ್ಲಿ ಸರ್ಕಾರ ಮುಖ್ಯಮಂತ್ರಿ ರೈತ ವಿದ್ಯಾನಿಧಿ ಶುರು ಮಾಡಿತ್ತಲ್ವಾ, ಅದರಲ್ಲಿ ಡಿಗ್ರಿ ಓದುವ ಹುಡುಗಿಗೆ ವರ್ಷಕ್ಕೆ 5,500 ರೂಪಾಯಿ, ಹುಡುಗನಿಗೆ 5,000 ಇತ್ತು. ದೊಡ್ಡ ದುಡ್ಡಲ್ಲ ಅನ್ನಬಹುದು. ಹಾಸ್ಟೆಲ್‌ನ ಮೆಸ್ ಬಿಲ್ ಕಟ್ಟುವವರಿಗೆ ಗೊತ್ತು ಅದು ಎಷ್ಟು ದೊಡ್ಡದು ಅಂತ.

ಅರ್ಜಿ ಹಾಕಬೇಕಾದ ಎಸ್‌ಎಸ್‌ಪಿ, ಅಂದರೆ ರಾಜ್ಯ ಸರ್ಕಾರದ ಸ್ಕಾಲರ್‌ಶಿಪ್ ಪೋರ್ಟಲ್, ನಮ್ಮ ಮನೆಯಲ್ಲಿ ತೆರೆಯುತ್ತಲೇ ಇರಲಿಲ್ಲ. ನೆಟ್‌ವರ್ಕ್ ಬೇಕಾದರೆ ಗುಡ್ಡ ಹತ್ತಬೇಕು. ನಾಡಕಚೇರಿಗೆ ಎರಡು ಸಲ ಹೋದೆವು, ಎರಡು ಸಲವೂ ಸರ್ವರ್ ಇಲ್ಲ. ಹಣ್ಣು ಕೊಯ್ಯುವ ಸಮಯ ಬೇರೆ. ಆಗ ಸಂತೆಯಲ್ಲಿ ಒಬ್ಬ ಹುಡುಗ ಕಂಡ. ಛತ್ರಿ ಕೆಳಗೆ ಒಂದು ಮೇಜು, ಲ್ಯಾಪ್‌ಟಾಪ್, ಹೆಬ್ಬೆಟ್ಟಿನ ಮಿಷನ್. ಒಳ್ಳೆ ಮಾತು. 'ಅಕ್ಕಾ, ಎಲ್ಲ ನಾನೇ ನೋಡಿಕೊಳ್ತೀನಿ, 600 ಕೊಡಿ' ಅಂದ.

ಮಗಳ ಹೆಬ್ಬೆಟ್ಟು ಬೀಳಲಿಲ್ಲ. ರಜೆಗೆ ಬಂದವಳು ನಾಲ್ಕು ದಿನ ನಮ್ಮ ಜೊತೆ ಹಣ್ಣು ಕೊಯ್ದಿದ್ದಳು. ಬೆರಳೆಲ್ಲ ಕಪ್ಪು, ತುದಿಯಲ್ಲಿ ಚರ್ಮ ಎದ್ದಿತ್ತು. ಅವನು ತನ್ನ ಕರವಸ್ತ್ರದಲ್ಲಿ ಒರೆಸಿ, ಒತ್ತಿ ಹಿಡಿದು, ಐದನೇ ಸಲಕ್ಕೆ ಹಸಿರು ದೀಪ ಬರಿಸಿದ. 'ಈ ಸಿಮ್ ಫ್ರೀ, ಅರ್ಜಿಗೆ ಇದೇ ನಂಬರ್ ಹಾಕ್ತೀನಿ' ಅಂದ. ಐದು ನಿಮಿಷ ಬಿಟ್ಟು ಮತ್ತೆ ಹೆಬ್ಬೆಟ್ಟು ಕೇಳಿದ. ಯಾಕಪ್ಪಾ ಅಂದೆ. 'ವೆರಿಫಿಕೇಶನ್' ಅಂದ. ಆ ಒಂದು ಪದಕ್ಕೆ ನಾನು ಸುಮ್ಮನಾದೆ. ಸಿಮ್ ಆಕ್ಟಿವೇಟ್ ಆದ ಮೇಲೆ ಮುಂದಿನ ವಾರ ಕೊಡುತ್ತೇನೆ ಅಂತ ತನ್ನ ಹತ್ತಿರವೇ ಇಟ್ಟುಕೊಂಡ. ಉದ್ದನೆಯ ಪುಸ್ತಕದಲ್ಲಿ ಮಗಳ ಹೆಸರು, ಆಧಾರ್ ನಂಬರ್, ಪಾಸ್‌ವರ್ಡ್ ಬರೆದುಕೊಂಡ. ಅದರ ಮೇಲೆ ನಮ್ಮೂರಿನವರದೇ ಹತ್ತು ಹನ್ನೆರಡು ಹೆಸರು. ಎಲ್ಲರಿಗೂ ಒಂದೇ ಪಾಸ್‌ವರ್ಡ್! ಕಣ್ಣಾರೆ ಓದಿದೆ. ಓದಿಯೂ ಬುದ್ಧಿ ಬರಲಿಲ್ಲ.

ಮುಂದಿನ ವಾರ ಅವನು ಸಂತೆಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ಮಾರ್ಚ್‌ನಲ್ಲಿ, ನಾವೆಲ್ಲ ಹೂಮಳೆಗೆ ಕಾಯುತ್ತಿದ್ದಾಗ, ಮಗಳು ಫೋನ್ ಮಾಡಿದಳು. ಕ್ಲಾಸಿನವರಿಗೆಲ್ಲ ದುಡ್ಡು ಬಂದಿದೆಯಂತೆ. ಇವಳದ್ದೂ ಜಮಾ ಆಗಿದೆ ಅಂತ ಪೋರ್ಟಲ್ ತೋರಿಸುತ್ತಿತ್ತು. ಪಾಸ್‌ಬುಕ್‌ನಲ್ಲಿ ಒಂದು ಪೈಸೆ ಇಲ್ಲ. ಬ್ಯಾಂಕಿನಲ್ಲಿ ಕೌಂಟರಿನ ಹುಡುಗಿ ನೋಡಿ ಹೇಳಿದಳು: 'ಇಲ್ಲಿಗೆ ಬಂದಿಲ್ಲಮ್ಮ. ನಿಮ್ಮ ಮಗಳ ಆಧಾರ್ ಈಗ ಬೇರೆ ಬ್ಯಾಂಕಿಗೆ ಜೋಡಣೆ ಆಗಿದೆ.'

ಇದು ಅಲ್ಲಿಯವರೆಗೆ ನನಗೆ ಗೊತ್ತೇ ಇರಲಿಲ್ಲ, ನಿಮಗೂ ಗೊತ್ತಿರಲಿಕ್ಕಿಲ್ಲ. ಈ ಸ್ಕಾಲರ್‌ಶಿಪ್ ದುಡ್ಡು ನಾವು ಕೊಟ್ಟ ಪಾಸ್‌ಬುಕ್ ಜೆರಾಕ್ಸ್ ನೋಡಿಕೊಂಡು ಬರುವುದಲ್ಲ. ಆಧಾರ್ ನಂಬರ್ ಹಿಡಿದು ಬರುತ್ತದೆ. ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆ ಆಧಾರ್‌ಗೆ ಯಾವ ಬ್ಯಾಂಕ್ ಕೊನೆಯದಾಗಿ ಜೋಡಣೆ ಆಗಿದೆಯೋ ಅಲ್ಲಿಗೆ ಹೋಗುತ್ತದೆ. ಮೊದಲ ಹೆಬ್ಬೆಟ್ಟು ಸಿಮ್‌ಗೆ. ಎರಡನೆಯದು ಅದೇ ನಂಬರಿಗೆ ಒಂದು ಹೊಸ ಖಾತೆ ತೆರೆಯಲು. ಸ್ಕಾಲರ್‌ಶಿಪ್‌ಗೆ ಅಂತ ಎರಡರಲ್ಲಿ ಒಂದೂ ಇರಲಿಲ್ಲ. ಖಾತೆ ಮಗಳ ಹೆಸರಿನದು, ಸಿಮ್ ಅವನ ಜೇಬಿನದು. ದುಡ್ಡು ಬಿದ್ದ ದಿನವೇ ಖಾಲಿ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ದುಡ್ಡು ಹೋದ ಕೂಡಲೇ ಮಾಡಿದರೆ ತಡೆಹಿಡಿಯಬಹುದಂತೆ. ನಮಗೆ ಗೊತ್ತಾಗುವಷ್ಟರಲ್ಲಿ ಮೂರು ವಾರ ದಾಟಿತ್ತು. ಠಾಣೆಯಲ್ಲಿ ದೂರು ಕೊಟ್ಟೆವು. ಅವನ ನಿಜವಾದ ಹೆಸರೂ ನಮಗೆ ಗೊತ್ತಿಲ್ಲ ಅಂದಾಗ ಅವರು ತಾನೇ ಏನು ಬರೆದುಕೊಳ್ಳಬೇಕು? ದುಡ್ಡು ವಾಪಸ್ ಬರಲಿಲ್ಲ.

ಹಾಗಾಗಿ ಅರ್ಜಿ ಹಾಕುವ ಮೊದಲೇ ಆಧಾರ್ ವೆಬ್‌ಸೈಟ್‌ಗೆ ಹೋಗಿ ನೋಡಿ. ಮೈ ಆಧಾರ್‌ನಲ್ಲಿ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇದೆ. ಓಟಿಪಿ ಹಾಕಿದರೆ ಯಾವ ಬ್ಯಾಂಕಿಗೆ ಜೋಡಣೆ ಆಗಿದೆ ಅಂತ ಹೆಸರು ಬರುತ್ತದೆ. ಅಲ್ಲೇ ಬಯೋಮೆಟ್ರಿಕ್ ಲಾಕ್ ಕೂಡ ಇದೆ. ಬೇಡದಾಗ ಲಾಕ್ ಮಾಡಿಡಿ. ಮಕ್ಕಳ ಹೆಸರಲ್ಲಿ ಎಷ್ಟು ಸಿಮ್ ಓಡುತ್ತಿವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ವೆಬ್‌ಸೈಟ್‌ನಲ್ಲಿ ನೋಡಬಹುದು. ನಮ್ಮ ಮಗಳದ್ದಲ್ಲದ ನಂಬರ್ ನಿಲ್ಲಿಸಲು ನಾವು ಮನವಿ ಕೊಟ್ಟದ್ದು ಅಲ್ಲಿಂದಲೇ. ಎಸ್‌ಎಸ್‌ಪಿ ಅರ್ಜಿಗೆ ಸರ್ಕಾರದ ಫೀಸು ಅಂತ ಏನೂ ಇಲ್ಲ. ಹಾಕಿಕೊಟ್ಟವರಿಗೆ ಕೂಲಿ ಕೊಡಿ, ಬೇಡ ಅನ್ನುವುದಿಲ್ಲ. ಆದರೆ ಮೊಬೈಲ್ ನಂಬರ್ ನಿಮ್ಮದಿರಲಿ, ಪಾಸ್‌ವರ್ಡ್ ನೀವೇ ಹಾಕಿ. ಹೆಬ್ಬೆಟ್ಟು ಕೇಳಿದರೆ ಮೊದಲು ಸ್ಕ್ರೀನ್ ಈ ಕಡೆ ತಿರುಗಿಸಪ್ಪಾ ಅನ್ನಿ.

ನಾಪೋಕ್ಲು ಕಡೆಯ ನನ್ನ ಗೆಳತಿಗೆ ಇನ್ನೊಂದು ಥರ ಆಯ್ತು. ಅವರದು ಜಮ್ಮಾ ಜಾಗ, ಅಂದರೆ ಇಡೀ ಕುಟುಂಬಕ್ಕೆ ತಲೆತಲಾಂತರದಿಂದ ಬಂದ ಜಮೀನು. ಪಹಣಿಯಲ್ಲಿ ಇರುವುದು ಪಟ್ಟೇದಾರರಾದ, ಅಂದರೆ ಕುಟುಂಬದ ಹಿರಿಯರಾದ ದೊಡ್ಡಪ್ಪನ ಹೆಸರು, ತೋಟ ಮಾಡುವವರು ಇವರು. ರೈತ ವಿದ್ಯಾನಿಧಿಗೆ ಅಪ್ಪ ಅಮ್ಮನ ಎಫ್‌ಐಡಿ, ಅಂದರೆ ಸರ್ಕಾರ ಕೊಡುವ ರೈತರ ಗುರುತಿನ ಸಂಖ್ಯೆ ಬೇಕಿತ್ತು. ಒಬ್ಬ ದಲ್ಲಾಳಿ 2,000 ಕೊಟ್ಟರೆ ಮಾಡಿಸಿಕೊಡ್ತೀನಿ ಅಂತ ತೆಗೆದುಕೊಂಡು ಹೋದ. ಪಹಣಿಯಲ್ಲಿ ಹೆಸರೇ ಇಲ್ಲದ ಜಮೀನನ್ನು ಎಫ್‌ಐಡಿಗೆ ಸೇರಿಸಲು ಅವನಿಂದ ಹೇಗೆ ಆಗುತ್ತದೆ? ಹೆಸರು ಇರುವವರಿಗೆ ರೈತ ಸಂಪರ್ಕ ಕೇಂದ್ರದಲ್ಲಿ ಪುಕ್ಕಟೆ ಮಾಡಿಕೊಡುತ್ತಾರೆ.

ಆಧಾರ್ ಬೇರೆ ಬ್ಯಾಂಕಿಗೆ ಜೋಡಣೆ ಆಗಿದ್ದರೆ ಸರಿ ಮಾಡಿಸುವುದು ಕಷ್ಟವಲ್ಲ. ನಿಮಗೆ ಬೇಕಾದ ಬ್ಯಾಂಕಿಗೆ ಹೋಗಿ ಆಧಾರ್ ಸೀಡಿಂಗ್ ಫಾರಂ ತುಂಬಿಕೊಟ್ಟರೆ ಸಾಕು. ಸೀಲು ಹಾಕಿದ ಒಂದು ಪ್ರತಿ ಮಾತ್ರ ಮರೆಯದೆ ಇಸಿದುಕೊಳ್ಳಿ. ನಮ್ಮ ಮೊದಲ ಫಾರಂ ಒಂದು ತಿಂಗಳು ಬ್ಯಾಂಕಿನ ಡ್ರಾಯರ್‌ನಲ್ಲೇ ಇತ್ತು. ಕೊಟ್ಟದ್ದಕ್ಕೆ ಪುರಾವೆ ಇಲ್ಲದೆ ಮತ್ತೆ ಬರೆದುಕೊಟ್ಟು ಬಂದೆವು.