ಪ್ಲೇನೋ ಬಿಟ್ಟು ಮ್ಯೂನಿಕ್‌ಗೆ: ಎರಡೂ ಕಡೆ ಬಾಳಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಜರ್ಮನಿಯೇ ಇಷ್ಟ. ಟೆಕ್ಸಾಸ್‌ನ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿ ಐದು ವರ್ಷ ಇದ್ದು, 2021ರಲ್ಲಿ ಮ್ಯೂನಿಕ್‌ಗೆ ಬಂದೆವು. ನಾನು, ಹೆಂಡತಿ, ಆಗ ನಾಲ್ಕು ವರ್ಷದ ಮಗಳು. "ಎಲ್ಲರೂ ಅಮೆರಿಕಕ್ಕೆ ಹೋಗೋಕೆ ಒದ್ದಾಡ್ತಾರೆ, ನೀವು ಬಿಟ್ಟು ಹೋಗ್ತೀರಲ್ಲ!" ಎಂದು ಹಾಸನದ ನೆಂಟರೆಲ್ಲ ಬೈದರು. ಈಗಲೂ ಯಾಕೆ ಬಿಟ್ಟಿರಿ ಎಂದು ಕೇಳುವವರಿದ್ದಾರೆ.

ದುಡ್ಡಿನ ಲೆಕ್ಕಕ್ಕೆ ಬಂದರೆ ಟೆಕ್ಸಾಸ್ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಅಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ಇಲ್ಲಿ ತೆರಿಗೆ, ವಿಮೆ, ಪಿಂಚಣಿ ಎಲ್ಲ ಕಳೆದು ಸಂಬಳದ ಮೂರನೇ ಒಂದು ಭಾಗ ಕೈಗೆ ಬರುವ ಮೊದಲೇ ಹೋಗಿರುತ್ತದೆ. ಮನೆಯ ಅಳತೆಯೂ ಅಲ್ಲಿನ ಅರ್ಧದಷ್ಟೇ.

ಆದರೆ ಅಲ್ಲಿ ನಾವು ದಿನ ಎಣಿಸಿಕೊಂಡು ಬದುಕಿದೆವು. ಕೆಲಸಕ್ಕೆ ಹೋದವರಿಗೆ ಕೊಡುವ ಎಚ್-1ಬಿ ವೀಸಾ ಮೂರು ವರ್ಷ, ಆಮೇಲೆ ಇನ್ನು ಮೂರು. ಕಾಯಂ ಆಗಿ ಇರಲು ಬೇಕಾದದ್ದು ಗ್ರೀನ್ ಕಾರ್ಡ್; ಕೆಲಸದ ಮೇಲೆ ಕೊಡುವ ಆ ಕಾರ್ಡ್‌ಗಳಲ್ಲಿ ಒಂದು ದೇಶಕ್ಕೆ ಶೇಕಡಾ 7ರ ಮಿತಿ. ಭಾರತದವರ ಸಾಲು ಎಷ್ಟು ಉದ್ದ ಎಂದು ಅಲ್ಲಿದ್ದವರಿಗೆಲ್ಲ ಗೊತ್ತು. ಕೆಲಸ ಹೋದರೆ 60 ದಿನ, ಅಷ್ಟೇ; ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ ದೇಶ ಬಿಡಬೇಕು. 2020ರಲ್ಲಿ ನಮ್ಮ ತಂಡದ ಒಬ್ಬರ ಕೆಲಸ ಹೋಯಿತು. ಸೋಫಾ, ಕಾರು, ಮಗುವಿನ ಮಂಚ ಎಲ್ಲ ಬಂದ ಬೆಲೆಗೆ ಮಾರಿ ಊರಿಗೆ ಹೊರಟರು. ಮಂಚ ಕೊಂಡವರು ನಾವೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇಲ್ಲಿ ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಮೇಲೆ ಬಂದು, ಸಂಜೆ ತರಗತಿಗೆ ಹೋಗಿ ಬಿ1 ಮಟ್ಟದ, ಅಂದರೆ ದಿನದ ಮಾತುಕತೆಗೆ ಸಾಕಾಗುವಷ್ಟು, ಜರ್ಮನ್ ಕಲಿತೆ. ಬಿ1 ಇದ್ದರೆ 21 ತಿಂಗಳಿಗೇ ಕಾಯಂ ನಿವಾಸಕ್ಕೆ ಅರ್ಜಿ ಹಾಕಬಹುದು. ಹಾಕಿದೆ, ಸಿಕ್ಕಿತು. ಈಗ ಕೆಲಸ ಹೋದರೆ ಕೆಲಸ ಮಾತ್ರ ಹೋಗುತ್ತದೆ, ಮನೆ ಮಠ ಖಾಲಿ ಮಾಡಬೇಕಿಲ್ಲ.

ಇನ್ನು ಜರ್ಮನಿಯ ಕಿರಿಕಿರಿ ಹೇಳಬೇಕು. ಇದನ್ನು ಯಾರೂ ನಮಗೆ ಮೊದಲೇ ಹೇಳಿರಲಿಲ್ಲ.

ಪಾಸಿಂಗ್ ಬಡಾವಣೆಯಲ್ಲಿ ಮನೆ ಸಿಕ್ಕಿತ್ತು. ಕೀಲಿ ತೆಗೆದು ಒಳಗೆ ಹೋದರೆ ಅಡುಗೆಮನೆಯೇ ಇಲ್ಲ! ಕೋಣೆ ಇದೆ. ಗೋಡೆಯಿಂದ ಎರಡು ನೀರಿನ ಪೈಪು, ಒಂದು ದಪ್ಪ ವೈರು ಹೊರಗೆ ಬಂದಿವೆ. ಒಲೆ ಇಲ್ಲ, ಕಟ್ಟೆ ಇಲ್ಲ, ಸಿಂಕ್ ಕೂಡ ಇಲ್ಲ. ಚಾವಣಿಯಲ್ಲಿ ಬಲ್ಬ್ ಹೋಲ್ಡರೂ ಇಲ್ಲ. ಮಾಲೀಕರು ರಿಪೇರಿ ಮಾಡಿಸುತ್ತಿದ್ದಾರೆ ಎಂದುಕೊಂಡೆವು. ಪಕ್ಕದ ಮನೆಯ ಅಜ್ಜಿ ಬಿಡಿಸಿ ಹೇಳಿದರು. ಇಲ್ಲಿ ಬಹಳಷ್ಟು ಕಡೆ ಅಡುಗೆಮನೆ ಬಾಡಿಗೆದಾರರ ಸ್ವಂತ ಸಾಮಾನು. ಮನೆ ಬಿಡುವಾಗ ಬಿಚ್ಚಿ ಕೊಂಡೊಯ್ಯುತ್ತಾರೆ, ಇಲ್ಲವೇ ಮುಂದೆ ಬರುವವರಿಗೆ ಮಾರುತ್ತಾರೆ. ಹಾಗೆ ಮಾರುವ ಬೆಲೆಗೆ 'ಆಬ್ಲೋಝೆ' ಎನ್ನುತ್ತಾರೆ.

ಆ ಪದ ನಾನು ನೋಡಿದ್ದೆ. ಹಿಂದಿನ ಬಾಡಿಗೆದಾರರು ನಮಗೆ ಬರೆದ ಮೇಲ್‌ನಲ್ಲೇ ಇತ್ತು, 1,800 ಯೂರೋ ಎಂದು. ಏನೋ ಬ್ರೋಕರ್ ಕಮಿಷನ್ ಇರಬೇಕು ಎಂದುಕೊಂಡು "ಬೇಡ" ಎಂದು ಬರೆದಿದ್ದೆ. ಪಾಪ, ಅವರು ಬಿಚ್ಚಿಕೊಂಡು ಹೋದರು.

ಹೊಸದು ಬರಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಒಂದು ಇಂಡಕ್ಷನ್ ಒಲೆ, ಒಂದು ಕುಕ್ಕರ್. ಅನ್ನ ಇಳಿಸಿ ಸಾರು, ಸಾರು ಇಳಿಸಿ ಪಲ್ಯ. ಪಾತ್ರೆಯೆಲ್ಲ ಬಾತ್‌ಟಬ್‌ನಲ್ಲಿ ಮಂಡಿಯೂರಿ ತೊಳೆದದ್ದು. ಹೆಂಡತಿಗೆ ಸೊಂಟ ಹಿಡಿದುಕೊಂಡಿತು, ಆಮೇಲೆ ಆ ಕೆಲಸ ನಾನು ವಹಿಸಿಕೊಂಡೆ. ಅಡುಗೆಮನೆ ಬಂದ ಮೇಲೂ ಒಲೆಗೆ ಕರೆಂಟ್ ಕೊಡಲು ಎಲೆಕ್ಟ್ರಿಷಿಯನ್‌ಗಾಗಿ ಮತ್ತೆ ಒಂಬತ್ತು ದಿನ ಕಾದೆವು. ಜೋಡಣೆ ಸೇರಿ ಐದು ಸಾವಿರ ಯೂರೋ ದಾಟಿತು. ಅದರ ಜೊತೆಗೆ ಮೂರು ತಿಂಗಳ ಬಾಡಿಗೆ ಅಡ್ವಾನ್ಸ್. ಕಾನೂನು ಒಪ್ಪುವ ಗರಿಷ್ಠ ಮೊತ್ತ ಅದೇ, ನಮ್ಮ ಮಾಲೀಕರು ಅಷ್ಟೂ ಕೇಳಿದ್ದರು. ಪ್ಲೇನೋದಲ್ಲಿ ಕೀಲಿ ಸಿಕ್ಕ ದಿನವೇ ಒಲೆ, ಫ್ರಿಜ್, ಪಾತ್ರೆ ತೊಳೆಯುವ ಯಂತ್ರ ಎಲ್ಲ ಇತ್ತು. ಅಂದೇ ಹಾಲು ಉಕ್ಕಿಸಿದ್ದೆವು.

ಉಳಿದದ್ದು ಬೇಗ ಹೇಳುತ್ತೇನೆ. ಭಾನುವಾರ ಇಲ್ಲಿ ಅಂಗಡಿ ಮುಚ್ಚಿರುತ್ತವೆ, ಹಾಲು ಮೊಸರು ಶನಿವಾರವೇ ತರಬೇಕು. ಭಾನುವಾರ ಅಕ್ಕಪಕ್ಕದವರಿಗೆ ಸದ್ದಾಗಬಾರದು ಎಂದು ಮಿಕ್ಸಿ ಹಾಕುವುದಿಲ್ಲ, ಹಾಗಾಗಿ ಚಟ್ನಿಯೂ ಶನಿವಾರವೇ. ಡಿಸೆಂಬರ್‌ನಲ್ಲಿ ನಾಲ್ಕೂವರೆಗೇ ಕತ್ತಲು. ಕನ್ನಡದ ಬಳಗ ಡಲ್ಲಾಸ್‌ನಲ್ಲೇ ದೊಡ್ಡದು. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟವಾದ 'ಅಕ್ಕ'ದ 2018ರ ಸಮ್ಮೇಳನ ಅಲ್ಲೇ ನಡೆಯಿತು. ಮೈಸೂರಿನ ಗಣಪತಿ ಸಚ್ಚಿದಾನಂದ ಸ್ವಾಮೀಜಿ ಕಟ್ಟಿಸಿದ ಫ್ರಿಸ್ಕೋದ ಹನುಮಂತನ ಗುಡಿಗೆ ಹೋದರೆ ಊರಿಗೆ ಹೋದಂತೆ ಇರುತ್ತಿತ್ತು. ಅದು ಇಲ್ಲಿ ಇಲ್ಲ, ನನಗೆ ಬೇಜಾರಿದೆ.

ಆಸ್ಪತ್ರೆ ವಿಷಯ. ಪ್ಲೇನೋದಲ್ಲಿ ಒಂದು ರಾತ್ರಿ ಮಗಳು ಬಿದ್ದು ಮೊಣಕೈ ಮುರಿಯಿತು. ವಿಮೆ ಇತ್ತು. ಆದರೂ ಆಸ್ಪತ್ರೆಯದು, ಡಾಕ್ಟರದು, ಎಕ್ಸ್-ರೇ ಓದಿದವರದು ಎಂದು ನಾಲ್ಕು ತಿಂಗಳು ಬಿಲ್ ಬರುತ್ತಲೇ ಇತ್ತು. ಇಲ್ಲಿ ನನ್ನ ವಿಮೆಯಲ್ಲೇ ಹೆಂಡತಿ, ಮಗಳು ಹೆಚ್ಚಿಗೆ ದುಡ್ಡಿಲ್ಲದೆ ಸೇರಿದ್ದಾರೆ. ಕಾರ್ಡ್ ತೋರಿಸಿ ಬರುವುದಷ್ಟೇ. ಚರ್ಮದ ಡಾಕ್ಟರ್ ಸಿಗಲು ಮೂರು ತಿಂಗಳು ಕಾದೆವು, ಅದೂ ನಿಜ.

ನನ್ನ ಮನಸ್ಸು ಗೆದ್ದದ್ದು ಮಾತ್ರ ದಿನದ ಓಡಾಟ. ಅಲ್ಲಿ ಕೊತ್ತಂಬರಿ ಸೊಪ್ಪು ತರಲೂ ಕಾರು. ಮನೆಗೆ ಎರಡು ಕಾರು, ಎರಡು ವಿಮೆ. ಇಲ್ಲಿ ನಮಗೆ ಕಾರೇ ಇಲ್ಲ. 2023ರ ಮೇ ತಿಂಗಳಿನಿಂದ ಡಾಯ್ಚ್‌ಲಾಂಡ್ ಟಿಕೆಟ್ ಬಂತು. ತಿಂಗಳಿಗೆ ಒಂದೇ ಪಾಸು, ಇಡೀ ದೇಶದ ಸಿಟಿ ಬಸ್ಸು, ಟ್ರಾಮು, ಊರೂರು ನಿಲ್ಲುವ ರೈಲು ಹತ್ತಬಹುದು. 49 ಯೂರೋ ಇದ್ದದ್ದು 2025ರಲ್ಲಿ 58 ಆಯಿತು, ಆಮೇಲೂ ಏರಿತು, ಆದರೂ ಎರಡು ಕಾರಿನ ಮುಂದೆ ಎಷ್ಟು ಕಡಿಮೆ ಅಲ್ವಾ? ಎಂಟು ವರ್ಷದ ಮಗಳು ಗೆಳತಿಯ ಜೊತೆ ತಾನೇ ನಡೆದು ಶಾಲೆಗೆ ಹೋಗುತ್ತಾಳೆ.

ಇನ್ನೊಂದು ಅಮ್ಮನ ಫೋನು. ಡಲ್ಲಾಸ್‌ಗೂ ಹಾಸನಕ್ಕೂ ಹತ್ತೂವರೆ, ಹನ್ನೊಂದೂವರೆ ಗಂಟೆ ವ್ಯತ್ಯಾಸ. ನನಗೆ ಬೆಳಗಾದರೆ ಅಮ್ಮನಿಗೆ ಸಂಜೆ ಕತ್ತಲಾಗುವ ಹೊತ್ತು. ಇಲ್ಲಿ ಮೂರೂವರೆ, ಚಳಿಗಾಲದಲ್ಲಿ ನಾಲ್ಕೂವರೆ. ಅಮ್ಮ ಊಟ ಮುಗಿಸಿ ಎಲೆ ಅಡಿಕೆ ಹಿಡಿದು ಕೂತಾಗ ನನ್ನ ಬೆಳಗಿನ ಕಾಫಿ. ದಿನಾ ಮಾತಾಡುತ್ತೇವೆ. 2023ರ ನವೆಂಬರ್‌ನಲ್ಲಿ ಮ್ಯೂನಿಕ್‌ನಿಂದ ಬೆಂಗಳೂರಿಗೆ ನೇರ ವಿಮಾನವೂ ಶುರುವಾಯಿತು.

ಐದಾರು ವರ್ಷದಲ್ಲಿ ಸಾಲ ತೀರಿಸಿ, ಉಳಿಸಿಕೊಂಡು ಊರಿಗೆ ಮರಳುವ ಯೋಚನೆ ಇದ್ದವರು ಟೆಕ್ಸಾಸ್‌ಗೇ ಹೋಗಿ. ನನಗೆ ಸಾಲ ಇರಲಿಲ್ಲ, ಕಾರು ಓಡಿಸುವುದು ಇಷ್ಟವಿಲ್ಲ, ನಡೆಯುವುದು ಇಷ್ಟ. ತಿಂಗಳ ಕೊನೆಗೆ ಕಡಿಮೆ ಉಳಿದರೂ ಪರವಾಗಿಲ್ಲ.

ಮ್ಯೂನಿಕ್‌ಗೆ ಬರುವವರಿದ್ದರೆ, ಮನೆಯ ಜಾಹೀರಾತಿನಲ್ಲಿ 'ಐನ್‌ಬಾವ್‌ಕ್ಯೂಷೆ' ಎಂಬ ಪದ ಇದೆಯೇ ಎಂದು ಮೊದಲು ನೋಡಿ. ಇದ್ದರೆ ಅಡುಗೆಮನೆ ಇದೆ ಎಂದರ್ಥ. ಇಲ್ಲದಿದ್ದರೆ ಬಿಟ್ಟು ಹೋಗುತ್ತಿರುವವರಿಗೆ ಬರೆದು, ಹೋಗಿ ಕಣ್ಣಾರೆ ನೋಡಿ, ಚೌಕಾಸಿ ಮಾಡಿ ಅವರದ್ದನ್ನೇ ಕೊಂಡುಕೊಳ್ಳಿ.