ಎಚ್ಚರಿಕೆ: ಸ್ಯಾಂಪ್ಲರ್ ಆ್ಯಪ್‌ನೊಳಗೆ ರೆಕಾರ್ಡ್ ಮಾಡುವ ಮೊದಲು ಇದನ್ನು ಓದಿ

ಮಾವ ಬಾರಿಸಿದ ಮದ್ದಳೆಯ 108 ಪೆಟ್ಟುಗಳು ನನ್ನ ಫೋನಿನಲ್ಲಿದ್ದವು. ಈಗ ಉಳಿದಿರುವುದು ಏಳು. ಫೋನ್ ಕಳೆದಿಲ್ಲ, ಒಡೆದಿಲ್ಲ, ಯಾರೂ ಕದ್ದಿಲ್ಲ. ಆ್ಯಪ್ ಆರಿಸುವಾಗ ನಾನು ಕೇಳಬೇಕಿದ್ದ ಒಂದು ಪ್ರಶ್ನೆಯನ್ನು ಕೇಳಲಿಲ್ಲ, ಅಷ್ಟೇ: ಒಳಗೆ ಹಾಕಿದ ಸದ್ದನ್ನು ಮತ್ತೆ ಹೊರತೆಗೆಯಬಹುದೇ? ಮೊಬೈಲಿನಲ್ಲಿ ಸಂಗೀತ ಮಾಡುವ ನಮ್ಮ ಹುಡುಗ ಹುಡುಗಿಯರು ಈಗ ಬಹಳ ಮಂದಿ ಇದ್ದಾರೆ. ಅವರಲ್ಲಿ ಒಬ್ಬರಿಗಾದರೂ ಹೀಗಾಗದಿರಲಿ ಎಂದು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಯಕ್ಷಗಾನದ ಹೆಜ್ಜೆ ಹೇಳಿಕೊಡುವ ಒಂದು ತರಗತಿಗೆ ನಾನು ಕೈಜೋಡಿಸುತ್ತೇನೆ. ಹೇಳಿಕೊಡುವವರಿದ್ದಾರೆ, ತಾಳ ಹಾಕುವವರಿದ್ದಾರೆ, ಆದರೆ ವಾರ ವಾರ ಬಂದು ಮದ್ದಳೆ ಬಾರಿಸುವವರು ಸಿಗುವುದಿಲ್ಲ. ರೆಕಾರ್ಡ್ ಮಾಡಿದ ಹಾಡು ಹಾಕಿದರೆ ಅದರ ವೇಗ ಅದರದ್ದು. ಹೊಸದಾಗಿ ಕಲಿಯುವ ಮಗುವಿಗೆ ಏಕತಾಳವನ್ನು ಅರ್ಧ ವೇಗದಲ್ಲಿ ಕೇಳಿಸಬೇಕು, ತ್ರಿವುಡೆಯಲ್ಲಿ ಎಡವುವ ಜಾಗವನ್ನೇ ಹತ್ತು ಸಲ ತಿರುಗಿಸಬೇಕು. ಅದಕ್ಕೆ ಸ್ಯಾಂಪ್ಲರ್ ಬೇಕು: ಒಂದೊಂದು ಪೆಟ್ಟನ್ನೂ ಬಿಡಿಬಿಡಿಯಾಗಿ ಹಿಡಿದಿಟ್ಟು, ಪರದೆಯ ಮೇಲಿನ ಚೌಕಗಳಿಗೆ ಕಟ್ಟಿ, ಬೇಕಾದ ವೇಗದಲ್ಲಿ ಬೆರಳಿನಿಂದ ನುಡಿಸುವ ಸಾಧನ.

ಮಾವ ಕುಂದಾಪುರದ ಕಡೆಯವರು. ಮೇಳದ ತಿರುಗಾಟದಲ್ಲಿ ಬಹಳ ವರ್ಷ ಮದ್ದಳೆ ಬಾರಿಸಿದವರು. ಮಣಿಕಟ್ಟಿನ ನರದ ತೊಂದರೆಯಿಂದ ಈಗ ಕಾಲು ಗಂಟೆ ಬಾರಿಸಿದರೂ ಕೈ ಜೋಮು ಹಿಡಿಯುತ್ತದೆ. ಮಳೆಗಾಲದಲ್ಲಿ ಚರ್ಮ ತಂಪು ಹಿಡಿದು ಶ್ರುತಿ ಇಳಿಯುತ್ತದೆಂದು ಫೆಬ್ರವರಿಯಲ್ಲೇ ಊರಿಗೆ ಹೋಗಿ ಎರಡು ದಿನ ಕೂತೆ. ಒಂಬತ್ತು ಬಗೆಯ ಪೆಟ್ಟು. ಒಂದೊಂದನ್ನೂ ಮೆಲ್ಲಗೆ, ಹದವಾಗಿ, ಜೋರಾಗಿ. ಪ್ರತಿಯೊಂದೂ ನಾಲ್ಕು ನಾಲ್ಕು ಸಲ. ನಾಲ್ಕೇಕೆಂದರೆ, ಒಂದೇ 'ತೋಂ' ಮತ್ತೆ ಮತ್ತೆ ಬಂದರೆ ಕಿವಿಗೆ ಯಂತ್ರದಂತೆ ಕೇಳುತ್ತದೆ. ನಾಲ್ಕನ್ನು ಸರದಿಯಲ್ಲಿ ಬಿಟ್ಟರೆ ಕೈ ಬಾರಿಸಿದಂತಿರುತ್ತದೆ. ಹೊರಗೆ ಬೈಕ್ ಹೋದಾಗಲೆಲ್ಲ ನಿಲ್ಲಿಸಬೇಕಾಗುತ್ತಿತ್ತು. "ಅಡ್ಡಿಲ್ಲ ಮಗಾ, ಇನ್ನೊಂದ್ಸಲ ಬಾರ್ಸ್ವ" ಎನ್ನುತ್ತಾ ಮಾವ ಮತ್ತೆ ಕೈ ಎತ್ತುತ್ತಿದ್ದರು. ಆ ಎರಡು ದಿನದ ನೋವು ಅವರ ಕೈಯಿಂದ ಹೋಗಲು ವಾರ ಹಿಡಿಯಿತು.

ಆ್ಯಪ್ ಆರಿಸಿದ್ದು ಹೇಗೆ? ಪ್ಲೇ ಸ್ಟೋರಿನಲ್ಲಿ ಸ್ಟಾರ್ ನೋಡಿದೆ, ಎರಡು ವಿಡಿಯೋ ನೋಡಿದೆ, ಉಚಿತ ಎಂದಿತ್ತು, ಹಾಕಿಕೊಂಡೆ. ನೇರವಾಗಿ ಅದರೊಳಗೇ ರೆಕಾರ್ಡ್ ಮಾಡಲು ಶುರು ಮಾಡಿದೆ. ಆ್ಯಪ್‌ನ ಹೆಸರು ಇಲ್ಲಿ ಹೇಳುವುದಿಲ್ಲ. ಇದೇ ರೀತಿ ಕಟ್ಟಿದ ಆ್ಯಪ್‌ಗಳು ಹಲವಿವೆ, ಒಂದರ ಹೆಸರು ಹೇಳಿದರೆ ಉಳಿದವು ಸುರಕ್ಷಿತ ಎಂದು ನೀವು ಅಂದುಕೊಳ್ಳಬಹುದು.

ಮೊದಲ ಸೂಚನೆ ಅರ್ಧ ಗಂಟೆಯಲ್ಲೇ ಸಿಕ್ಕಿತ್ತು. ಮಾವ 'ತೋಂ' ಎಂದು ಬಾರಿಸಿದ್ದು ಫೋನಿನಲ್ಲಿ 'ತೊಪ್' ಎಂದು ಕೇಳಿತು. ಪೆಟ್ಟು ಇತ್ತು, ಅದರ ಹಿಂದೆ ಬರಬೇಕಾದ ನಾದ ಇರಲಿಲ್ಲ. ಫೋನ್ ಮೈಕು ಇರುವುದು ಮಾತಿಗೆ. ಮಾತು ನಿಂತ ಮೇಲೆ ಉಳಿಯುವ ಸಣ್ಣ ಸದ್ದನ್ನೆಲ್ಲ ಗದ್ದಲವೆಂದು ತಿಳಿದು ಫೋನೇ ಅಳಿಸಿಹಾಕುತ್ತದೆ, ಮೆಲುದನಿಯನ್ನು ಎತ್ತುತ್ತದೆ, ಜೋರು ದನಿಯನ್ನು ತಗ್ಗಿಸುತ್ತದೆ. ಮದ್ದಳೆಗೆ ಇದು ಕೊಲೆ. ಯಾವ ತಿದ್ದುಪಡಿಯೂ ಇಲ್ಲದ ಹಸಿ ಸದ್ದನ್ನು ಆ್ಯಪ್‌ಗಳು ಕೇಳಿ ಪಡೆಯುವ ದಾರಿಯನ್ನು ಆಂಡ್ರಾಯ್ಡ್ 7ರಿಂದಲೇ ಕೊಟ್ಟಿದ್ದಾರೆ. ಆದರೆ ಅದು ಸಿಗಬೇಕಾದರೆ ಫೋನಿನಲ್ಲೂ ಆ ಅನುಕೂಲ ಇರಬೇಕು, ಆ್ಯಪ್ ಬರೆದವರೂ ಅದನ್ನು ಬಳಸಿರಬೇಕು. ನಾನು ಹಾಕಿಕೊಂಡ ಆ್ಯಪ್‌ನ ಸೆಟ್ಟಿಂಗ್‌ನಲ್ಲಿ ಅಂಥದ್ದೇನೂ ಇರಲಿಲ್ಲ. ಅಲ್ಲೇ ಬಿಟ್ಟುಬಿಡಬೇಕಿತ್ತು. ಬಿಡಲಿಲ್ಲ. ಗೆಳೆಯನೊಬ್ಬನ ಕೈರೆಕಾರ್ಡರ್ ತರಿಸಿ ಅದರಲ್ಲಿ ಹಿಡಿದು, ಫೈಲುಗಳನ್ನು ಆ್ಯಪ್‌ಗೆ ಹಾಕಿಕೊಂಡೆ.

ಆಗ ಎರಡನೆಯದು ಬಂತು. ಕೇಳಿಸಿದ ಕೂಡಲೇ ಮಾವ, "ಚರ್ಮ ತಂಪ್ ಹಿಡ್ದಿತಾ ಎಂತ?" ಎಂದರು. ಹಾರ್ಮೋನಿಯಂನ ಕಪ್ಪು 2ನೇ ಮನೆಯ ಶ್ರುತಿಗೆ ಕೂಡಿಸಿದ್ದ ಮದ್ದಳೆ ಫೋನಿನಲ್ಲಿ ಕಪ್ಪು 1ಕ್ಕೂ ಬಿಳಿ 2ಕ್ಕೂ ನಡುವೆಲ್ಲೋ ಬಿದ್ದಿತ್ತು. ಚರ್ಮದ ತಪ್ಪಲ್ಲ. ರೆಕಾರ್ಡರ್ ಸೆಕೆಂಡಿಗೆ 48,000 ಸಲ ಸದ್ದನ್ನು ಅಳೆದು ಬರೆದಿತ್ತು, ಆ್ಯಪ್ ಅದನ್ನು 44,100 ಎಂದು ಓದುತ್ತಿತ್ತು. ಹಾಗೆ ಓದಿದರೆ ಸದ್ದು ನಿಧಾನವಾಗುತ್ತದೆ, ಹಾರ್ಮೋನಿಯಂನಲ್ಲಿ ಸುಮಾರು ಒಂದೂವರೆ ಮನೆ ಕೆಳಗೆ ಇಳಿಯುತ್ತದೆ. ಒಳ್ಳೆಯ ಆ್ಯಪ್ ತಾನೇ ಸರಿಪಡಿಸಿಕೊಂಡು ಓದುತ್ತದೆ. ಇದರಲ್ಲಿ ಒಂದೊಂದು ಪೆಟ್ಟಿಗೂ ಕೈಯಾರೆ ಶ್ರುತಿ ಏರಿಸಿದೆ. 108 ಸಲ. ಎಲ್ಲ ಮುಗಿದ ಮೇಲೆ ರೆಕಾರ್ಡರನ್ನು ಗೆಳೆಯನಿಗೆ ಹಿಂತಿರುಗಿಸಿದೆ. ಅವನ ಕಾರ್ಡು ಅವನ ಕೆಲಸಕ್ಕೆ ಬೇಕಿತ್ತು, ಖಾಲಿ ಮಾಡಿಯೇ ಕೊಟ್ಟೆ. ಆ್ಯಪ್‌ನೊಳಗೆ ಇದೆಯಲ್ಲ ಎಂಬ ಧೈರ್ಯ. ಇಡೀ ಪ್ರಸಂಗದಲ್ಲಿ ನನ್ನಿಂದಾದ ದೊಡ್ಡ ತಪ್ಪು ಇದೇ.

ಮೂರನೆಯ ಸೂಚನೆಯೂ ಇತ್ತು. ತಿದ್ದಿದ ಪೆಟ್ಟುಗಳನ್ನು ವೇವ್ ಫೈಲಾಗಿ, ಅಂದರೆ ಸದ್ದನ್ನು ಕುಗ್ಗಿಸದೆ ಇಡುವ ಫೈಲಾಗಿ, ಹೊರತೆಗೆಯಲು ಹೋದರೆ ಬೀಗದ ಚಿತ್ರ ಬಂತು, ತಿಂಗಳ ಚಂದಾ ಕೇಳಿತು. ಉಚಿತವಾಗಿ ಸಿಗುತ್ತಿದ್ದುದು ಎಲ್ಲ ಸದ್ದೂ ಕಲೆತ ಎಂಪಿ3 ಮಾತ್ರ. ಏಳು ದಿನದ ಟ್ರಯಲ್ ಹಾಕಿಕೊಂಡೆ, ಆ ವಾರ ಆಫೀಸಿನ ಕೆಲಸದಲ್ಲಿ ಹೊರತೆಗೆಯುವುದು ಮರೆತೇಹೋಯಿತು.

ಮೂರು ತಿಂಗಳು ಎಲ್ಲ ಚೆನ್ನಾಗಿಯೇ ನಡೆಯಿತು. ಮಕ್ಕಳು ಆ ಸದ್ದಿಗೇ ಕುಣಿದರು. ಆಮೇಲೆ ಒಂದು ಅಪ್‌ಡೇಟ್ ಬಂತು, ಆ್ಯಪ್ ತೆರೆದರೆ ಮುಚ್ಚಿಕೊಳ್ಳತೊಡಗಿತು. ಸಹಾಯಕ್ಕೆ ಬರೆದೆ. ಎರಡನೇ ದಿನ ಉತ್ತರ ಬಂತು: ತೆಗೆದು ಮತ್ತೆ ಹಾಕಿಕೊಳ್ಳಿ, ಕ್ಲೌಡ್‌ನಲ್ಲಿ ನಿಮ್ಮ ಪ್ರಾಜೆಕ್ಟ್‌ಗಳು ಭದ್ರವಾಗಿವೆ. ಹಾಗೇ ಮಾಡಿದೆ. ಪ್ರಾಜೆಕ್ಟ್‌ಗಳು ಬಂದವು. ಏಕತಾಳ, ಝಂಪೆ, ಅಷ್ಟತಾಳ, ನಾನು ಇಟ್ಟ ಹೆಸರುಗಳೆಲ್ಲ ಬಂದವು. ಯಾವ ಮಾತ್ರೆಯಲ್ಲಿ ಯಾವ ಪೆಟ್ಟು ಎಂಬ ಲೆಕ್ಕವೂ ಬಂತು. ಪ್ರತಿಯೊಂದು ಚೌಕದ ಮೇಲೂ ಫೈಲ್ ಸಿಗುತ್ತಿಲ್ಲ ಎಂಬ ಸಾಲು ಇತ್ತು. ಕ್ಲೌಡ್‌ಗೆ ಹೋಗುತ್ತಿದ್ದುದು ಬರೀ ಲೆಕ್ಕ. ಸದ್ದು ಫೋನಿನಲ್ಲೇ, ಆ್ಯಪ್‌ನ ಸ್ವಂತ ಜಾಗದಲ್ಲಿತ್ತು. ಆ್ಯಪ್ ತೆಗೆದರೆ ಆ ಜಾಗವನ್ನು ಆಂಡ್ರಾಯ್ಡ್ ಪೂರ್ತಿ ಅಳಿಸುತ್ತದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನವರು ಸಿಕ್ಕಿಬೀಳುವುದು ಇಲ್ಲೇ. ಒಂದೊಂದು ಆ್ಯಪ್‌ಗೂ ಫೋನಿನಲ್ಲಿ ಅದರದ್ದೇ ಒಂದು ಕೋಣೆ ಇರುತ್ತದೆ. ಆಂಡ್ರಾಯ್ಡ್ 11ರ ನಂತರ ಬೇರೆ ಫೈಲ್ ಮ್ಯಾನೇಜರ್‌ಗಳಿಗೆ ಆ ಕೋಣೆಯೊಳಗೆ ಇಣುಕಲೂ ಬಿಡುವುದಿಲ್ಲ. ನಮ್ಮ ಗುಟ್ಟು ಕಾಪಾಡಲು ಮಾಡಿದ ಏರ್ಪಾಡು ಅದು, ಸರಿಯಾದದ್ದೇ. ಆದರೆ ಆ್ಯಪ್ ತಾನಾಗಿ ಬಾಗಿಲು ತೆರೆದು ಸದ್ದನ್ನು ಹೊರಗೆ ಕೊಡದಿದ್ದರೆ ನಮ್ಮ ಸದ್ದು ನಮ್ಮ ಕೈಗೇ ಸಿಗುವುದಿಲ್ಲ. ಗೂಗಲ್ ಬ್ಯಾಕಪ್ ಇದೆಯಲ್ಲ ಎಂದು ನಾನೂ ಅಂದುಕೊಂಡಿದ್ದೆ. ಆಂಡ್ರಾಯ್ಡ್ ತಾನಾಗಿ ಮಾಡುವ ಆ ಬ್ಯಾಕಪ್‌ನಲ್ಲಿ ಒಂದು ಆ್ಯಪ್‌ಗೆ ಸಿಗುವುದು 25 ಎಂಬಿ. ಅದು ಮೀರಿದರೆ ಆ ಆ್ಯಪ್‌ನ ಮಾಹಿತಿ ಕ್ಲೌಡ್‌ಗೆ ಹೋಗುವುದೇ ಇಲ್ಲ. ನನ್ನ 108 ಪೆಟ್ಟು, ಒಂದೊಂದು ಮೂರು ಸೆಕೆಂಡೆಂದರೂ, ಸುಮಾರು 47 ಎಂಬಿ. ಐಫೋನಿನಲ್ಲೂ ಡಿಲೀಟ್ ಮಾಡಿದರೆ ಆ್ಯಪ್ ಜೊತೆ ಅದರೊಳಗಿನದೆಲ್ಲ ಹೋಗುತ್ತದೆ. ಅಲ್ಲಿ ಆಫ್‌ಲೋಡ್ ಎಂಬ ಇನ್ನೊಂದು ಆಯ್ಕೆಯಿದೆ, ಅದು ಆ್ಯಪನ್ನು ಮಾತ್ರ ತೆಗೆದು ಮಾಹಿತಿಯನ್ನು ಉಳಿಸುತ್ತದೆ. ಎರಡರ ವ್ಯತ್ಯಾಸ ತಿಳಿಯದೆ ಬೆರಳಿಡಬೇಡಿ.

1987ರ ಎಸ್‌ಪಿ-1200 ಎಂಬ ಸ್ಯಾಂಪ್ಲರಿನಲ್ಲಿ ಒಟ್ಟು ಹತ್ತು ಸೆಕೆಂಡಿನಷ್ಟೇ ಸದ್ದು ಹಿಡಿಸುತ್ತಿತ್ತು. ಆದರೆ ಆ ಸದ್ದು ಒಂದು ಫ್ಲಾಪಿಯಲ್ಲಿ ನುಡಿಸುವವರ ಕೈಯಲ್ಲೇ ಇರುತ್ತಿತ್ತು. ಇಂದು ಫೋನಿನಲ್ಲಿ ಗಂಟೆಗಟ್ಟಲೆ ಹಿಡಿಸುತ್ತದೆ, ಕೈಯಲ್ಲಿ ಏನೂ ಇರುವುದಿಲ್ಲ. ಈ ಮಾತು ಇತ್ತೀಚೆಗೆ ನನ್ನ ತಲೆಯಲ್ಲಿ ಬಹಳ ಸುತ್ತುತ್ತಿದೆ.

ಹಣದ ವಿಷಯ ಬೇಗ ಹೇಳಿಬಿಡುತ್ತೇನೆ. ಟ್ರಯಲ್ ಮುಗಿದ ಮೇಲೆ ತಿಂಗಳಿಗೆ 399 ರೂಪಾಯಿ ಹೋಗುತ್ತಿತ್ತು, ಆ್ಯಪ್ ತೆಗೆದ ಮೇಲೂ ಹೋಯಿತು. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಚಂದಾ ಪಟ್ಟಿಗೆ ಹೋಗಿ ರದ್ದು ಮಾಡಬೇಕು. ಯುಪಿಐ ಆಟೋಪೇ ಕೊಟ್ಟಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲೂ ಆ ಒಪ್ಪಿಗೆಯನ್ನು ರದ್ದು ಮಾಡಿ. ಖರೀದಿಸಿ ಇಷ್ಟವಾಗದಿದ್ದರೆ ಪ್ಲೇ ಸ್ಟೋರಿನಲ್ಲಿ 48 ಗಂಟೆಯೊಳಗೆ ಹಣ ಹಿಂದಕ್ಕೆ ಕೇಳಬಹುದು. ಹಾಗಾಗಿ ಪರೀಕ್ಷೆಯನ್ನು ಕೊಂಡ ದಿನವೇ ಮಾಡಿ.

ಯಾವ ಪರೀಕ್ಷೆ? ಆ್ಯಪ್ ಹಾಕಿಕೊಂಡ ಮೊದಲ ಹತ್ತು ನಿಮಿಷದಲ್ಲಿ ಮೇಜಿಗೆ ಬೆರಳಿನಿಂದ ಬಡಿದು ಮೂರು ಸದ್ದು ರೆಕಾರ್ಡ್ ಮಾಡಿ. ಅವನ್ನು ಬೇರೆ ಬೇರೆ ವೇವ್ ಫೈಲುಗಳಾಗಿ ಹೊರತೆಗೆಯಿರಿ. ಡೌನ್‌ಲೋಡ್ ಫೋಲ್ಡರಿನಲ್ಲಿ ಕಾಣಬೇಕು, ಬೇರೊಂದು ಆ್ಯಪ್‌ನಲ್ಲಿ ಅದೇ ಶ್ರುತಿಯಲ್ಲಿ ಕೇಳಬೇಕು. ಆಮೇಲೆ ಆ್ಯಪನ್ನು ತೆಗೆದುಹಾಕಿ, ಮತ್ತೆ ಹಾಕಿ, ಏನು ಉಳಿದಿದೆ ನೋಡಿ. ಮೇಜಿನ ಸದ್ದು ಹೋದರೆ ಯಾರೂ ಅಳುವುದಿಲ್ಲ. ಹೊರತೆಗೆಯುವ ಕಡೆ ಬೀಗ ಕಂಡರೆ, ಉಳಿದೆಲ್ಲ ಎಷ್ಟೇ ಚೆನ್ನಾಗಿದ್ದರೂ ಆ ಆ್ಯಪ್ ಬೇಡ. ಸದ್ದು ಬದಲಿಸುವ ಎಫೆಕ್ಟುಗಳು ಎಷ್ಟಿವೆ, ಎಷ್ಟು ಸಿದ್ಧ ಸದ್ದು ಕೊಡುತ್ತಾರೆ ಎಂಬುದೆಲ್ಲ ಆಮೇಲಿನ ಮಾತು.

ತಡವನ್ನೂ ನೋಡಿ, ತಾಳದ ಕೆಲಸಕ್ಕೆ ಅದು ಮುಖ್ಯ. ಬ್ಲೂಟೂತ್ ಇಯರ್‌ಫೋನ್ ಹಾಕಿ ಪರೀಕ್ಷಿಸಿದರೆ ಯಾವ ಆ್ಯಪ್ ಆದರೂ ಕೆಟ್ಟದ್ದೇ ಎನಿಸುತ್ತದೆ, ಬೆರಳು ಒತ್ತಿ ಎಷ್ಟೋ ಹೊತ್ತಿಗೆ ಸದ್ದು ಬರುತ್ತದೆ. ತಂತಿಯ ಇಯರ್‌ಫೋನ್ ಹಾಕಿ. ಆಗಲೂ ಉಗುರು ಪರದೆಗೆ ತಾಗಿದ ಸದ್ದು ಬೇರೆ, ಮದ್ದಳೆಯ ಸದ್ದು ಬೇರೆ ಎಂದು ಎರಡಾಗಿ ಕೇಳಿದರೆ ನಿಮ್ಮ ಫೋನಿಗೂ ಆ ಆ್ಯಪ್‌ಗೂ ಹೊಂದುವುದಿಲ್ಲ.

ಈಗ ನಾನು ಬಳಸುತ್ತಿರುವುದು ಕೋಆಲಾ ಸ್ಯಾಂಪ್ಲರ್. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೆ, 64 ಚೌಕಗಳಿವೆ, ಮಾಡಿದ್ದನ್ನು ವೇವ್ ಆಗಿ ಹೊರಗೆ ಕೊಡುತ್ತದೆ. ಐಫೋನ್ ಇರುವವರು ಮೊದಲು ಆ್ಯಪಲ್ಲಿನ ಗ್ಯಾರೇಜ್‌ಬ್ಯಾಂಡ್‌ನಲ್ಲೇ ಇರುವ ಸ್ಯಾಂಪ್ಲರ್ ನೋಡಿ, ಅದು ಉಚಿತ. ಇವೆರಡಕ್ಕೂ ಅದೇ ಮೇಜಿನ ಪರೀಕ್ಷೆ ಮಾಡಿಯೇ ನಂಬಿ, ನಾನು ಹೇಳಿದೆನೆಂದು ನಂಬಬೇಡಿ. ಮತ್ತೆ ಯಾವ ಆ್ಯಪ್ ಆದರೂ ಸರಿ, ಅದರೊಳಗೆ ನೇರವಾಗಿ ರೆಕಾರ್ಡ್ ಮಾಡುವುದನ್ನು ನಾನು ಬಿಟ್ಟಿದ್ದೇನೆ. ಮೊದಲು ಬರೀ ರೆಕಾರ್ಡರಿನಲ್ಲಿ ಹಿಡಿಯುತ್ತೇನೆ, ಲ್ಯಾಪ್‌ಟಾಪಿಗೂ ಪೆನ್‌ಡ್ರೈವಿಗೂ ನಕಲು ಮಾಡುತ್ತೇನೆ, ಆಮೇಲೆ ಒಂದು ಪ್ರತಿ ಆ್ಯಪ್‌ಗೆ. ವಾಟ್ಸಾಪಿನಲ್ಲಿ ಯಾರಿಗಾದರೂ ಕಳಿಸುವುದಿದ್ದರೆ ಫೈಲು ಇದ್ದಂತೆಯೇ ಹೋಗಲೆಂದು ಡಾಕ್ಯುಮೆಂಟ್ ಎಂದೇ ಕಳಿಸುತ್ತೇನೆ.

ನಿಮ್ಮ ಫೋನಿನಲ್ಲಿ ಈಗಾಗಲೇ ಇಂಥ ಆ್ಯಪ್ ಇದ್ದು, ಅದರೊಳಗೆ ಬೆಲೆಬಾಳುವ ಸದ್ದು ಇದ್ದರೆ, ಅಪ್‌ಡೇಟ್ ಮಾಡಬೇಡಿ, ತೆಗೆಯಬೇಡಿ, ಜಾಗ ಸಾಲದೆಂದು ಡೇಟಾ ಅಳಿಸಬೇಡಿ. ಒಂದು ತಿಂಗಳ ಚಂದಾ ಕೊಟ್ಟಾದರೂ ಇವತ್ತೇ ಎಲ್ಲವನ್ನೂ ಹೊರತೆಗೆದು, ಆಮೇಲೆ ಚಂದಾ ರದ್ದು ಮಾಡಿ. ನನ್ನಿಂದ ಆ ಹಣ ಹೋಗುತ್ತಲೇ ಇತ್ತು, ಒಂದು ದಿನ ಕೂತು ಹೊರತೆಗೆದಿದ್ದರೆ ಸಾಕಿತ್ತು.

ಏಳು ಉಳಿದದ್ದು ಹೇಗೆಂದರೆ, ಮಕ್ಕಳ ಅಪ್ಪ ಅಮ್ಮಂದಿರಿಗೆ ಮನೆಯಲ್ಲಿ ಅಭ್ಯಾಸಕ್ಕೆಂದು ನಿಧಾನಗತಿಯ ಎಂಪಿ3 ಒಂದನ್ನು ಕಳಿಸಿದ್ದೆ. ಅದರಲ್ಲಿ ಒಂದರ ಮೇಲೊಂದು ಬೀಳದೆ ಒಂಟಿಯಾಗಿ ನಿಂತಿದ್ದ ಪೆಟ್ಟುಗಳು ಏಳೇ. 'ತೋಂ' ಒಂದಿದೆ, 'ಧೀಂ' ಒಂದೂ ಇರಲಿಲ್ಲ. ಮಾವನಿಗೆ ಹೇಳಲು ನನಗೆ ತಿಂಗಳು ಹಿಡಿಯಿತು. ಅವರು ಬೈಯಲಿಲ್ಲ, ಮದ್ದಳೆಯ ಮೇಲಿನ ಬಟ್ಟೆ ಸರಿಸಿ ಎರಡು ಬೆರಳಿನಿಂದ ಶ್ರುತಿ ನೋಡಿದರು. ಈಗ ಊರಿಗೆ ಹೋದಾಗಲೆಲ್ಲ ಅವರ ಕೈ ಒಪ್ಪಿದರೆ ಹತ್ತು ನಿಮಿಷ ಕೂರುತ್ತೇವೆ. ಹೋದ ಸಲ ನಾಲ್ಕು 'ಧೀಂ' ಸಿಕ್ಕಿವೆ, ನಾಲ್ಕೂ ಮೆಲ್ಲಗಿನವು.